ಎಲಿಯಾಸನ ಶೆಡ್ಡಿನ ಬೆಳ್ಳುಳ್ಳಿ ವಾಸನೆ

"ಈ ಗಂಟೆ ಬಾಯಿಬಿಟ್ಟು ನಿಮ್ಮ ಕಿವಿಗೆ ಕೇಳೋ ಹಾಗೆ ಮಾಡದೆ ನಾನು ಸಾಯೋದಿಲ್ಲ, ಮಾಂವ್" ಎಂದು ಎಲಿಯಾಸ್ ತನ್ನ ಮಾವನಾಗಲಿದ್ದ ಅಗಸ್ಟಿನ್ನರಿಗೆ ಮಾತು ಕೊಟ್ಟದ್ದು ಮದುವೆಗೆ ಎರಡು ದಿನ ಮುಂಚೆ, ಶಿರಾಡಿ ಘಾಟಿಯ ಒಂದು ತಿರುವಿನಲ್ಲಿ, ಬಂಡೆಯ ಮೇಲೆ ಬೋರಲಾಗಿ ಬಿದ್ದಿದ್ದ ಗಂಟೆಯ ಎದುರು ನಿಂತು. ಅಗಸ್ಟಿನ್ ಗಂಟೆಯ ಸೀಳನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಆಮೇಲೆ ಕೆಮ್ಮಿದರು. ಅವರ ಕೆಮ್ಮು ಊರಿಗೇ ಗೊತ್ತಿದ್ದ ಕೆಮ್ಮು: ಮೊದಲು ಢಣ್ ಎಂದು ಒಂದು ಗಟ್ಟಿ ಸದ್ದು, ಅದರ ಹಿಂದೆಯೇ ಗರಗರ ಎಂದು ಒಂದು ಬಾಲ. ಬಾಲ ಮುಗಿದ ಮೇಲೆ, "ಹಾಗಾದ್ರೆ ನಿನಗೆ ಆಯುಸ್ಸು ಗಟ್ಟಿ" ಎಂದು ಹೇಳಿ ಗಾಡಿ ಹತ್ತಿದರು.

ಗಂಟೆ ಬಿದ್ದದ್ದು ಎತ್ತುಗಳ ತಪ್ಪಿನಿಂದಲ್ಲ. ಸಕಲೇಶಪುರದ ಪುಟ್ಟ ಇಗರ್ಜಿಗೆಂದು, ಮಗಳ ಮದುವೆಯಲ್ಲೇ ಮೊದಲು ಬಾರಿಸಬೇಕೆಂದು, ಅಗಸ್ಟಿನ್ ಅದನ್ನು ಮಂಗಳೂರಿನಲ್ಲಿ ಮಾಡಿಸಿ ತರುತ್ತಿದ್ದರು. ಗಾಡಿಯ ಹಿಂಬದಿಯಲ್ಲಿ ಕೂತು ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಬರುವ ಹೊಣೆ ಮದುಮಗನದು. ಇನ್ನೇನು ದೋಣಿಗಲ್ ಬಂತು ಎನ್ನುವಾಗ ಎದುರಿನಿಂದ ಒಂದು ಸಾರೋಟು ಬಂತು. ಒಳಗೆ ಯಾವುದೋ ಎಸ್ಟೇಟಿನ ದೊರೆಸಾನಿ. ಹೊಸ ಕೋಟು ತೊಟ್ಟಿದ್ದ ಎಲಿಯಾಸನಿಗೆ ಮೀಸೆ ತೀಡಬೇಕೆನಿಸಿತು. ಮೀಸೆಗೆ ತುದಿ ಎರಡಿರುವುದರಿಂದ ಕೈಯೂ ಎರಡು ಬೇಕಾಯಿತು.

ಹೇಮಾವತಿ ದಾಟುವ ಗಾಡಿ ಯಾರದೆಂದು ಎತ್ತಿನ ಕೊರಳಗೆಜ್ಜೆ ಕೇಳಿಯೇ ಹೇಳುತ್ತಿದ್ದ ಕಾಲ ಅದು. ಊರಿಗೆ ಕಿವಿ ಚುರುಕಾಗಿತ್ತು, ನೆನಪು ಅದಕ್ಕಿಂತ ಚುರುಕಾಗಿತ್ತು. ಎಲಿಯಾಸ್ ಎಸ್ಟೇಟಿನಲ್ಲಿ ಮಿಸ್ತ್ರಿಯಾದ, ಮೂರು ಮಕ್ಕಳ ತಂದೆಯಾದ, ಮೀಸೆ ನರೆಯಿತು. ಆದರೂ ಅಂಗಡಿಯಲ್ಲಿ ಯಾರಾದರೂ ಮೀಸೆ ತೀಡಿದರೆ ಪಕ್ಕದವನು, "ಗಂಟೆ ಹಿಡ್ಕೊ ಮಾರಾಯ" ಎನ್ನುವುದು ನಿಲ್ಲಲಿಲ್ಲ.

ಅವನು ಕೈಕಟ್ಟಿ ಕೂತಿದ್ದನೆಂದಲ್ಲ. ಒಮ್ಮೆ ಕಲಾಯಿಯವನಿಂದ ಸೀಳಿಗೆ ಸೀಸ ಹೊಯ್ಯಿಸಿದ. ಗಂಟೆ ಹೊಡೆದರೆ ಅಕ್ಕಿಮೂಟೆಗೆ ಗುದ್ದಿದ ಹಾಗಾಯಿತು. ಇನ್ನೊಮ್ಮೆ ಕಬ್ಬಿಣದ ಪಟ್ಟಿ ಬಿಗಿಸಿದ. ಹೊಡೆದಾಗ ಪಟ್ಟಿ ಹಾರಿ ಹಾಡುವವರ ನಡುವೆ ಬಿತ್ತು. ಪ್ರತಿ ಸಲವೂ ಮುಂಚಿತವಾಗಿ ಊರಿಗೆಲ್ಲ ಸಾರುತ್ತಿದ್ದ. ಪ್ರತಿ ಸಲವೂ ಹೆಂಡತಿ ಮೊಡೆಸ್ಟಾ ಅವಮಾನದಿಂದ ಒಂದು ತಿಂಗಳು ತಲೆಯ ಮೇಲಿನ ಸೆರಗು ಮುಂದಕ್ಕೆಳೆದುಕೊಂಡು ಓಡಾಡುತ್ತಿದ್ದಳು. ಕೊನೆಗೆ ಅವಳು, ಈ ಮನೆಯೊಳಗೆ ಇನ್ನು 'ಗಂಟೆ' ಎಂಬ ಮಾತು ಬರಕೂಡದು ಎಂದು ಶಿಲುಬೆ ಮುಟ್ಟಿಸಿ ಆಣೆ ತೆಗೆದುಕೊಂಡಳು. ಅಂದಿನಿಂದ ಆ ಮನೆಯಲ್ಲಿ ಹೊತ್ತು ಎಷ್ಟಾಯಿತೆಂದು ಕೇಳಬೇಕಾದರೂ "ಬಿಸಿಲು ಎಲ್ಲಿಗೆ ಬಂತು" ಎನ್ನಬೇಕಿತ್ತು.

ಅಗಸ್ಟಿನ್ ಕೆಮ್ಮುತ್ತಲೇ ತೀರಿಕೊಂಡರು, ಇಗರ್ಜಿಯ ಪಕ್ಕದಲ್ಲೇ ಅವರನ್ನು ಮಣ್ಣು ಮಾಡಿದರು. ಒಡೆದ ಗಂಟೆ ಇಗರ್ಜಿಯ ಬಾಗಿಲ ಮೂಲೆಯಲ್ಲಿ ಬಾಯಿ ಮೇಲಾಗಿ ನಿಂತು, ಬಂದವರು ಕೊಡೆ ಇಡುವ ಪಾತ್ರೆಯಾಯಿತು. ಗಂಟೆಯ ಬದಲಿಗೆ ಕಾಫಿ ಹಣ್ಣು ಬಿಡಿಸುವ ಯಂತ್ರದ ಒಡೆದ ಚಕ್ರವೊಂದನ್ನು ಹಲಸಿನ ಮರಕ್ಕೆ ತೂಗುಹಾಕಿ ಬಡಿಯುತ್ತಿದ್ದರು. ಎಸ್ಟೇಟಿನಲ್ಲಿ ಆಳುಗಳನ್ನು ಕೂಗಲು ಬಡಿಯುವುದೂ ಅಂಥದೇ ಚಕ್ರ. ಹೀಗಾಗಿ ಪ್ರತಿ ಭಾನುವಾರ ಎಸ್ಟೇಟಿನ ಕೂಲಿಮನೆಗಳ ಲೈನಿನಿಂದ ನಾಲ್ಕಾರು ಆಳುಗಳು ಗುದ್ದಲಿ ಹಿಡಿದು ಪೂಜೆಗೆ ಬಂದುಬಿಡುತ್ತಿದ್ದರು.

ಹೀಗಿರಲು ಒಂದು ವರ್ಷ ಈಸ್ಟರಿನ ಮುಂಚಿನ ತಪಸ್ಸಿನ ಕಾಲ ಶುರುವಾದ ದಿನ, ಹಣೆಗೆ ಬೂದಿ ಇಡಿಸಿಕೊಂಡು ಬಂದ ಅತ್ತೆ ವೆರೋನಿಕಾ ಜಗಲಿಯಲ್ಲಿ ಕೂತು ತನ್ನ ತೀರ್ಮಾನ ಹೇಳಿದಳು. ತನಗೆ ವಯಸ್ಸಾಯಿತು. ಸತ್ತಾಗ ಚಕ್ರ ಬಡಿಸಿಕೊಂಡು ಹೋಗಲು ಮನಸ್ಸಿಲ್ಲ. ಈ ಈಸ್ಟರಿಗೂ ಗಂಟೆ ಇಲ್ಲದಿದ್ದರೆ, ಗಂಟೆ ಇರುವ ಮಂಗಳೂರಿಗೇ ಹೋಗಿ ಅಲ್ಲೇ ಕಣ್ಣು ಮುಚ್ಚುತ್ತಾಳೆ. ಆ ಮಾತು ಉಚ್ಚರಿಸಕೂಡದೆಂಬ ಆಣೆ ಅವಳಿಗೆ ಅನ್ವಯಿಸುತ್ತಿರಲಿಲ್ಲ. ತಾಯಿ ಘಾಟಿ ಇಳಿದರೆ ತಾನೂ ಮಕ್ಕಳನ್ನು ಕಟ್ಟಿಕೊಂಡು ಇಳಿಯುವುದಾಗಿ ಮೊಡೆಸ್ಟಾ ಒಳಗಿನಿಂದ ಹೇಳಿದಳು. ಅವರ ಮನೆಯಲ್ಲಿ ಮಾತು ಕೊಂಕಣಿ, ಜಗಳ ಮಾತ್ರ ಕನ್ನಡ, ಅಕ್ಕಪಕ್ಕದವರಿಗೂ ಅರ್ಥವಾಗಲಿ ಎಂದು. ಆದ್ದರಿಂದ ಈ ತೀರ್ಮಾನವೂ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು.

ಎಲಿಯಾಸ್ ಎಂದಿನಂತೆ ಊರಿಗೆ ಸಾರಲು ಹೋಗಲಿಲ್ಲ. ಯಾಕೆಂದರೆ ಈ ಸಲ ಅವನ ಹತ್ತಿರ ನಿಜವಾಗಿ ಒಂದು ಉಪಾಯವಿತ್ತು.

ಅವನ ಎಸ್ಟೇಟಿನ ಡಂಕನ್ ದೊರೆ ಯಂತ್ರಗಳ ಹುಚ್ಚಿನವನು. ಸೀಮೆಯಿಂದ ಹೊಸದೊಂದು ಸಾಮಾನು ತರಿಸಿದ್ದ: ಎರಡು ಗ್ಯಾಸು ಕೂಡಿ ಉರಿಯುವ ಒಂದು ಹಿತ್ತಾಳೆ ಕೊಳವೆ, ಜೊತೆಗೆ ಆಮ್ಲಜನಕ ತುಂಬಿದ ಆಳೆತ್ತರದ ಕಬ್ಬಿಣದ ಸಿಲಿಂಡರು. ಆ ಉರಿಗೆ ಲೋಹ ಬೆಣ್ಣೆಯ ಹಾಗೆ ಕರಗಿ ಕೂಡಿಕೊಳ್ಳುತ್ತದಂತೆ. ಅಷ್ಟರಲ್ಲಿ ದೊರೆಗೆ ಚಳಿಜ್ವರ ಹತ್ತಿ ಆರು ತಿಂಗಳು ತಾಯ್ನಾಡಿಗೆ ಹೊರಟ. ಹೊರಡುವ ಮುಂಚೆ, ಉಳಿದ ಆಮ್ಲಜನಕವನ್ನು ಗಂಟೆಗೆ ಬಳಸಿಕೊಳ್ಳಲು ಎಲಿಯಾಸನಿಗೆ ಒಪ್ಪಿಗೆ ಕೊಟ್ಟು, ಉರಿಯುವ ಇನ್ನೊಂದು ಗ್ಯಾಸನ್ನು ನೀನೇ ಆರಿಸಿಕೊ, ಅದನ್ನು ಹುಟ್ಟಿಸುವ ಡ್ರಮ್ಮನ್ನೂ ನೀನೇ ಮಾಡಿಕೊ ಎಂದ.

ಆರಿಸಲು ಇದ್ದದ್ದು ಎರಡು. ಸತುವಿನ ಮೇಲೆ ಆಸಿಡ್ ಹೊಯ್ದರೆ ಒಂದು ಗ್ಯಾಸು. ಬಂಗಲೆಯ ದೀಪಕ್ಕೆ ತರಿಸಿದ್ದ ಕಾರ್ಬೈಡ್ ಕಲ್ಲನ್ನು ನೀರಿಗೆ ಹಾಕಿದರೆ ಇನ್ನೊಂದು. ಎರಡನೆಯದರ ಉರಿ ಹೆಚ್ಚು ಬಿಸಿ ಎಂದು ದೊರೆ ವಿವರಿಸಿದ. ಎಲಿಯಾಸ್ ಅದನ್ನೇ ಆರಿಸಿದ. ಆಸಿಡ್ ಬಿದ್ದರೆ ಇದ್ದೊಂದು ಷರಾಯಿ ತೂತಾಗುತ್ತದೆ ಎಂಬ ಕಾರಣಕ್ಕೆ.

ಆಮೇಲೆ ದೊರೆ ನಾಲ್ಕು ಕಟ್ಟಳೆ ಹೇಳಿದ. ಈ ಗ್ಯಾಸಿಗೆ ತಾಮ್ರದ ಕೊಳವೆ ಹಾಕಕೂಡದು, ಕಬ್ಬಿಣದ್ದೇ ಆಗಬೇಕು. ಸಿಲಿಂಡರಿನ ಬಾಯಿಗೆ ಎಣ್ಣೆ ಸೋಕಿಸಕೂಡದು. ಡ್ರಮ್ಮಿನಿಂದ ಹೊರಟ ಗ್ಯಾಸು ನಡುವೆ ಒಂದು ನೀರಿನ ಡಬ್ಬಿಯಲ್ಲಿ ಮುಳುಗಿ ಎದ್ದೇ ಮುಂದೆ ಹೋಗಬೇಕು. ಆಗ ಉರಿ ಹಿಂದಕ್ಕೆ ನುಗ್ಗಿದರೂ ನೀರು ತಡೆಯುತ್ತದೆ. ಎಲ್ಲಿ ಸೋರುತ್ತಿದೆ ಎಂದು ದೀಪ ಹಿಡಿದು ಹುಡುಕಕೂಡದು, ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ನಾಲ್ಕರಲ್ಲಿ ಯಾವುದು ತಪ್ಪಿದರೂ ಶೆಡ್ಡು ಹಾರಿಹೋಗುತ್ತದೆ ಎಂದು ಕೈಯೆತ್ತಿ ಆಕಾಶ ತೋರಿಸಿದ.

ಎಲಿಯಾಸ್ ನಾಲ್ಕನ್ನೂ ಜಪಮಾಲೆಯ ಹಾಗೆ ಬಾಯಿಪಾಠ ಮಾಡಿದ, ಮನೆಗೆ ಬರುವ ದಾರಿಯಲ್ಲಿ ಅವುಗಳ ಅರ್ಥವನ್ನೂ ಶೋಧಿಸಿದ. ಮುಳುಗಿ ಏಳುವುದು ಸರಿ. ಪಕ್ಕದ ಮನೆಯ ರಾಜಲಕ್ಷ್ಮಮ್ಮನವರೂ ಮುಳುಗಿ ಏಳದೆ ಅಡುಗೆಮನೆಗೆ ಹೋಗುವುದಿಲ್ಲ. ದೀಪ ಬೇಡವೆಂಬುದೂ ಒಪ್ಪತಕ್ಕದ್ದೇ. ಆದರೆ ತಾಮ್ರ ಬೇಡವೆಂದದ್ದು ಕಳ್ಳರ ಭಯಕ್ಕೆ, ಎಣ್ಣೆ ಬೇಡವೆಂದದ್ದು ದೊರೆಗೆ ತೆಂಗಿನೆಣ್ಣೆಯ ವಾಸನೆ ಆಗದ್ದಕ್ಕೆ ಎಂದು ತೀರ್ಮಾನಿಸಿದ. ಕರಾವಳಿಯಿಂದ ಬಂದವನು ತೆಂಗಿನೆಣ್ಣೆ ಹಾಕದೆ ತಿರುಪು ತಿರುಗಿಸುವುದುಂಟೇ? ಅವನ ಮನೆಯಲ್ಲಿ ಬೀಗ, ಬಾಗಿಲ ತಿರುಗಣಿ, ಮಕ್ಕಳ ತಲೆ ಎಲ್ಲಕ್ಕೂ ಒಂದೇ ಶೀಷೆ. ತಾಮ್ರದ ಒಳ್ಳೆಯ ಕೊಳವೆಯೊಂದು ಸ್ಟೋರಿನಲ್ಲಿ ಹಾಳಾಗುತ್ತ ಬಿದ್ದಿತ್ತು. ಅದನ್ನು ಮನೆಗೆ ತಂದ.

ಗಂಟೆ ತರಲು ಪಾದ್ರಿಗಳ ಅಪ್ಪಣೆ ಬೇಕು. ಅತ್ತೆಯ ಕಿವಿಗೆ ಬೀಳದೆ ಪಾದ್ರಿಗಳ ಹತ್ತಿರ ಮಾತಾಡಬಹುದಾದ ಜಾಗ ಊರಿನಲ್ಲಿ ಒಂದೇ: ಪಾಪನಿವೇದನೆಯ ಗೂಡು. ಎಲಿಯಾಸ್ ಅಲ್ಲಿ ಮೊಣಕಾಲೂರಿ ಸಣ್ಣಪುಟ್ಟ ಪಾಪಗಳ ಜೊತೆಗೆ ಕಾರ್ಬೈಡು, ಡ್ರಮ್ಮು, ಸಿಲಿಂಡರುಗಳನ್ನೂ ನಿವೇದಿಸಿದ. ಪಾದ್ರಿಗಳು ಒಪ್ಪಿದರು. ಆದರೆ ಆ ಗೂಡಿನಲ್ಲಿ ಕೇಳಿದ್ದನ್ನು ಪ್ರಾಣ ಹೋದರೂ ಹೊರಗೆ ಆಡುವಂತಿಲ್ಲ ಎಂಬುದನ್ನು ಇಬ್ಬರೂ ಆಗ ಯೋಚಿಸಲಿಲ್ಲ.

ಹಿತ್ತಲ ಶೆಡ್ಡಿನಲ್ಲಿ ಸಂಜೆಸಂಜೆ ಕೆಲಸ ಶುರುವಾಯಿತು. ಕಾಫಿ ಹೂವಿನ ಕಾಲ. ಒಂದೆರಡು ಹೂಮಳೆ ಬಿದ್ದು ಗುಡ್ಡವೆಲ್ಲ ಬೆಳ್ಳಗಾಗಿ, ಯಸಳೂರಿನ ಕಡೆಯಿಂದ ಗಾಳಿ ಬಂದರೆ ಬೀದಿಯಲ್ಲಿ ನಿಂತವರು ಮಾತು ಮರೆತು ಉಸಿರೆಳೆದುಕೊಳ್ಳುತ್ತಿದ್ದ ದಿನಗಳು. ಅಂಥ ಒಂದು ಸಂಜೆ ಉಸಿರೆಳೆದುಕೊಂಡ ರಾಜಲಕ್ಷ್ಮಮ್ಮ, ಪೋಸ್ಟ್‌ಮಾಸ್ಟರರ ಹೆಂಡತಿ, ಮೂಗಿಗೆ ಸೆರಗು ಒತ್ತಿದರು. ಕಾರ್ಬೈಡಿನ ಗ್ಯಾಸಿಗೆ ಹಸಿ ಬೆಳ್ಳುಳ್ಳಿಯ ವಾಸನೆ. ಡ್ರಮ್ಮಿಗೆ ಎಲ್ಲಿ ಬೆಸುಗೆ ಹಾಕಿದ್ದನೋ ಅಲ್ಲೆಲ್ಲ ಅದು ಸೋರುತ್ತಿತ್ತು.

"ವೆರೋನಿಕಮ್ಮ, ತಪ್ಪು ತಿಳೀಬೇಡಿ" ಎಂದು ಅವರು ಬೇಲಿಯ ಹತ್ತಿರ ಬಂದು ಶುರುಮಾಡಿದರು. "ನಿಮ್ಮಲ್ಲಿ ಈಗ ಮಾಂಸ ಬಿಟ್ಟಿರೋ ಕಾಲ ಅಂದಿದ್ರಿ. ನಮಗೆ ಬೆಳ್ಳುಳ್ಳಿ ಆಗಲ್ಲ ನೋಡಿ, ಅದಕ್ಕೇ ಮೂಗು ಬೇಗ ಹಿಡಿಯತ್ತೆ. ಇಷ್ಟು ಬೆಳ್ಳುಳ್ಳಿ ಹಾಕಿ ಏನು ಬೇಯಿಸ್ತಾರೆ ನಿಮ್ಮ ಅಳಿಯಂದಿರು?"

ಇಷ್ಟು ಬೆಳ್ಳುಳ್ಳಿ ಹಾಕಿ ಕರಾವಳಿಯ ಕ್ರೈಸ್ತ ಗಂಡಸು ಏನು ಬೇಯಿಸುತ್ತಾನೆ ಎಂಬುದು ವೆರೋನಿಕಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಂದಿ ಮಾಂಸ. ಅದೂ ತಪಸ್ಸಿನ ಕಾಲದಲ್ಲಿ. ಆ ರಾತ್ರಿ ಅಳಿಯ ಊಟ ಬೇಡವೆಂದ. ಗ್ಯಾಸು ಕುಡಿದು ಅವನಿಗೆ ತಲೆ ನೋಯುತ್ತಿತ್ತು, ಆದರೆ ಉಪವಾಸ ಎಂದ. ಮುದುಕಿ ಮಗಳ ಮುಖ ನೋಡಿದಳು. ಮಗಳು ಗಂಜಿಯ ಮಡಕೆ ನೋಡಿದಳು. ಹೊಟ್ಟೆ ತುಂಬಿದವನಿಗಲ್ಲದೆ ಇನ್ಯಾರಿಗೆ ಉಪವಾಸ ಇಷ್ಟು ಸುಲಭ?

ಮಾರನೆಯ ದಿನ ಮನೆಯ ತೆಂಗಿನೆಣ್ಣೆಯ ಶೀಷೆ ಮಾಯವಾಯಿತು. ಎಣ್ಣೆ ಇಲ್ಲದೆ ಹೇಗೆ ಹುರಿಯುತ್ತಾನೋ ನೋಡೇಬಿಡುತ್ತೇನೆ ಎಂದು ವೆರೋನಿಕಾ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಂದೇ ಎಲಿಯಾಸನಿಗೆ ಸಿಲಿಂಡರಿನ ಬಾಯಿಯ ತಿರುಪು ಬಿಗಿಯಾಗಿ ಕಂಡಿತ್ತು. ಶೀಷೆ ಹುಡುಕಿದ. ಮಕ್ಕಳ ತಲೆ ಮುಟ್ಟಿ ನೋಡಿದ, ಅದೂ ಒಣಗಿತ್ತು. ಬೇಲಿಯಾಚೆ ರಾಜಲಕ್ಷ್ಮಮ್ಮನವರನ್ನು ಎರಡೇ ಚಮಚ ಸಾಕೆಂದು ಬೇಡಿದ. ಆ ಕೆಲಸಕ್ಕೆ ತಮ್ಮ ಮನೆಯ ಎಣ್ಣೆ ಕೊಟ್ಟು ಪಾಪ ಕಟ್ಟಿಕೊಳ್ಳಲಾರೆ ಎಂದು ಅವರು ಒಳಗೆ ಹೋದರು. ಎಣ್ಣೆಗೂ ಪಾಪಕ್ಕೂ ಏನು ಸಂಬಂಧವೆಂದು ತಿಳಿಯದೆ ಎಲಿಯಾಸ್ ದೊರೆಯನ್ನು ಬೈಯುತ್ತ ಒಣ ಕೈಯಲ್ಲೇ ತಿರುಗಿಸಿದ. ತಿರುಪು ತಿರುಗಿತು.

ಆಮೇಲೆ ವೆರೋನಿಕಾ ಪಾದ್ರಿಗಳ ಹತ್ತಿರ ದೂರು ಒಯ್ದಳು. ಅಳಿಯ ಶೆಡ್ಡಿನಲ್ಲಿ ಏನು ಮಾಡುತ್ತಾನೆಂದು ತಮಗೇನಾದರೂ ಗೊತ್ತೇ ಎಂದು ನೇರವಾಗಿ ಕೇಳಿದಳು. ಗೊತ್ತು ಎನ್ನುವಂತಿಲ್ಲ, ಗೊತ್ತಿಲ್ಲ ಎಂದರೆ ಸುಳ್ಳು. ಪಾದ್ರಿಗಳು ಕೆಂಪಾದರು, ಮೇಲೆ ನೋಡಿದರು, ಈ ಸಲ ಹೂಮಳೆ ಚೆನ್ನಾಗಿ ಬಂತು ಎಂದರು. ವೆರೋನಿಕಾ ಮನೆಗೆ ಬಂದು, ಪಾಪ ಎಷ್ಟು ದೊಡ್ಡದೆಂದರೆ ಪಾದ್ರಿಗಳ ಬಾಯಿಂದಲೇ ಹೊರಡುತ್ತಿಲ್ಲ ಎಂದು ಮಗಳಿಗೆ ತಿಳಿಸಿದಳು. ಇಬ್ಬರೂ ಮಂಗಳೂರಿಗೆ ಒಯ್ಯುವ ಗಂಟು ಕಟ್ಟಲು ಕೂತರು.

ಸುದ್ದಿ ಗಾಡಿ ಹೊಡೆಯುವ ಶಫಿಗೆ ಮುಟ್ಟಿದ್ದು ತೀರಾ ಕೆಟ್ಟ ಹೊತ್ತಿನಲ್ಲಿ. ದೋಣಿಗಲ್ಲಿನ ಎಸ್ಟೇಟಿನಿಂದ ಸಿಲಿಂಡರು ತಂದುಕೊಟ್ಟವನು ಅವನೇ. ಈಗ ಗೋಣಿ ಹೊದಿಸಿದ ಗಂಟೆಯನ್ನು ಇಗರ್ಜಿಯಿಂದ ತಂದಿದ್ದ. ಶೆಡ್ಡಿನ ಹೊಸ್ತಿಲಿಗೆ ಇನ್ನೇನು ನಾಲ್ಕು ಹೆಜ್ಜೆ ಎನ್ನುವಾಗ ಗಾಳಿ ತಿರುಗಿತು, ಅವನು ನಿಂತ.

"ಎಲಿಯಾಸಣ್ಣ, ನಿನ್ ಜೊತೆ ಎಷ್ಟೋ ವರ್ಷ ಉಂಡಿವ್ನಿ. ಬೀದಿಲಿ ಅಂದಿದ್ನ ನಾನು ನಂಬಿರ್ಲಿಲ್ಲ" ಎಂದ. "ಅದು ಬೆಂದಿರೋ ಜಾಗಕ್ಕೆ ನಾನು ಕಾಲಿಡಾಕಿಲ್ಲ ಕಣಣ್ಣ. ತೊಳ್ದು ಸುಣ್ಣ ಬಳ್ಸು, ಆಮ್ಯಾಕೆ ಬತ್ತೀನಿ."

ಗಂಟೆಯನ್ನು ಅಲ್ಲೇ ಇಳಿಸಿ ಹೋದ. 'ಅದು' ಯಾವುದೆಂದು ಎಲಿಯಾಸನಿಗೆ ಹೊಳೆಯಲಿಲ್ಲ. ಕಾರ್ಬೈಡು ಮುಸಲ್ಮಾನರಿಗೆ ನಿಷಿದ್ಧವೆಂದು ತನಗೆ ಇಷ್ಟು ದಿನ ಗೊತ್ತೇ ಇರಲಿಲ್ಲವಲ್ಲ ಎಂದು ಬೇಸರಪಟ್ಟುಕೊಂಡು, ಗಂಟೆಯನ್ನು ತಾನೇ ಉರುಳಿಸಿ ಒಳಗೆ ತಂದ.

ಬೀದಿಯಲ್ಲಿ ಹೊರಟ ಮಾತು ಹೋದಲ್ಲೆಲ್ಲ ಬೆಳೆಯುತ್ತದೆ. ಡ್ರಮ್ಮಿದೆಯಂತೆ, ತಾಮ್ರದ ಕೊಳವೆಯಂತೆ, ನೀರಿನಲ್ಲಿ ಗುಳುಗುಳು ಸದ್ದಂತೆ, ಹಂದಿ ಮಾಂಸದ ಜೊತೆಗೆ ಅದಕ್ಕೆ ಹೊಂದುವ ಇನ್ನೊಂದೂ ತಯಾರಾಗುತ್ತಿದೆಯಂತೆ. ಈಸ್ಟರಿಗೆ ಮುಂಚಿನ ಸೋಮವಾರ ಸಂಜೆ ಅಬಕಾರಿ ಜಮಾದಾರ ಗುಂಡಯ್ಯ, ಸೊಂಟಪಟ್ಟಿ ಬಿಗಿದುಕೊಂಡು ಹಿತ್ತಲ ಬೇಲಿ ದಾಟಿದ. ಅವನ ಹಿಂದೆ ಶಫಿ, ಬೇಲಿಯಾಚೆ ರಾಜಲಕ್ಷ್ಮಮ್ಮ, ಅಡುಗೆಮನೆಯ ಬಾಗಿಲಲ್ಲಿ ತಾಯಿ ಮಗಳು. ದಾರಿಯಲ್ಲಿ ಹೋಗುತ್ತಿದ್ದ ಪಾದ್ರಿಗಳು ಕೂಡ, ಹೋಗುವ ದಾರಿ ಅದಲ್ಲದಿದ್ದರೂ, ಬಂದು ನಿಂತರು.

ಎಲಿಯಾಸ್ ಡ್ರಮ್ಮಿಗೆ ಅಂಟುವಾಳದ ನೊರೆ ಹಚ್ಚಿ ಗುಳ್ಳೆ ನೋಡುತ್ತ ಕೂತಿದ್ದ.

"ಏನಯ್ಯಾ ಮಿಸ್ತ್ರಿ, ಭಟ್ಟಿಗೆ ಎಣ್ಣೆನೀರು ಸ್ನಾನನೂ ಮಾಡುಸ್ತೀಯಾ?" ಎಂದ ಗುಂಡಯ್ಯ. ಡ್ರಮ್ಮಿನ ಸುತ್ತ ಒಂದು ಪ್ರದಕ್ಷಿಣೆ ಬಂದ. ಇನ್ನೂ ಜೋಡಿಸದೆ ಗೋಡೆಗೆ ಒರಗಿಸಿದ್ದ ತಾಮ್ರದ ಕೊಳವೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಅದರ ತುದಿ ಮೂಸಿ ತಲೆಯಾಡಿಸಿದ. ಸರ್ಕಾರದ ಅಬಕಾರಿಯವರಿಗೆ ಸಾರಾಯಿ ಪತ್ತೆಗೆ ಒಂದೇ ವಿದ್ಯೆ: ಕಡ್ಡಿ ಗೀರಿ ಹತ್ತಿರ ಹಿಡಿಯುವುದು, ಹತ್ತಿಕೊಂಡರೆ ಸಾರಾಯಿ. ಗುಂಡಯ್ಯ ಡ್ರಮ್ಮಿನ ಮೇಲೆ ಬಗ್ಗಿ ಜೇಬಿನಿಂದ ಬೆಂಕಿಪೊಟ್ಟಣ ತೆಗೆದ.

ಎಲಿಯಾಸನಿಗೆ ನಾಲ್ಕನೆಯ ಕಟ್ಟಳೆಯ ಅರ್ಥ ಅದೇ ಕ್ಷಣದಲ್ಲಿ ಆಯಿತು. ಅವನು ಯೋಚಿಸಿ ಮಾಡಿದ ಕೆಲಸ ಜೀವಮಾನದಲ್ಲಿ ಸರಿಹೋದದ್ದಿಲ್ಲ. ಇದನ್ನು ಯೋಚಿಸದೆ ಮಾಡಿದ. ಅಂಟುವಾಳದ ಬಕೆಟ್ಟನ್ನು ಎತ್ತಿ ಸರ್ಕಾರದ ಜಮಾದಾರನ ತಲೆಯ ಮೇಲೆ, ಪೇಟ, ಕಡ್ಡಿ, ಮೀಸೆ ಸಮೇತ, ಪೂರ್ತಿ ಹೊಯ್ದುಬಿಟ್ಟ.

ಗುಂಡಯ್ಯ ಕಣ್ಣಿನ ನೊರೆ ಒರೆಸಿಕೊಂಡು ಕೈಯಲ್ಲಿದ್ದ ಒದ್ದೆ ಕಡ್ಡಿಯನ್ನು ನೋಡಿದ.

"ಗಂಟೆ" ಎಂದ ಎಲಿಯಾಸ್. "ಕಡ್ಡಿ ಗೀರಿದ್ರೆ ನಾವೆಲ್ಲ ಹೋಗ್ಬುಡ್ತಿದ್ವಿ ಜಮಾದಾರ್ರೇ. ಸಾರಾಯಿ ಅಲ್ಲ, ಗ್ಯಾಸು. ಮಾಂವನ ಗಂಟೆ ಬೆಸೆಯೋಕೆ."

ಗೋಣಿ ಸರಿಸಿ ತೋರಿಸಿದ. ಮನೆಯಲ್ಲಿ ಆಡಬಾರದ ಮಾತು ಆಡಿದ್ದಕ್ಕೆ ಮೊಡೆಸ್ಟಾಳ ಕಡೆ ನೋಡಿದ. ಅವಳು ಬಾಯಿಗೆ ಕೈಯಿಟ್ಟುಕೊಂಡಿದ್ದಳು. ಪಾದ್ರಿಗಳು ತಿಂಗಳಿಂದ ಹಿಡಿದಿಟ್ಟಿದ್ದ ಉಸಿರನ್ನು ಹೊರಗೆ ಬಿಟ್ಟು, "ಈಗ ಎಲ್ಲರಿಗೂ ಗೊತ್ತಾಯಿತಲ್ಲ, ದೇವರು ದೊಡ್ಡವನು" ಎಂದರು. ಹಾಗಾದರೆ ಬೆಳ್ಳುಳ್ಳಿ ಎಂದು ರಾಜಲಕ್ಷ್ಮಮ್ಮ ಕೇಳಿದರು. ಎಲಿಯಾಸ್ ಒಂದು ಚೂರು ಕಾರ್ಬೈಡನ್ನು ನೀರಿಗೆ ಹಾಕಿ ತೋರಿಸಿದ. ಅವರು ಮೂಗು ಮುಚ್ಚಿ, ನೀರಿನಲ್ಲಿ ಮುಳುಗಿ ಸ್ನಾನ ಮಾಡಿದ ಮೇಲೂ ಇಷ್ಟು ನಾರುವ ವಸ್ತುವನ್ನು ತಾವು ಕಂಡಿಲ್ಲ ಎಂದರು. ಶಫಿ ಒಳಗೆ ಬಂದು ಗಂಟೆಗೆ ಕೈ ಹಾಕಿದ.

ಗುಂಡಯ್ಯ ಮಾತ್ರ ಒಂದು ವಿಷಯದಲ್ಲಿ ಬಗ್ಗಲಿಲ್ಲ. ದಾಳಿ ಮಾಡಿ ಬರಿಗೈಯಲ್ಲಿ ಹೋದರೆ ಮೇಲಿನವರು ಏನಂದಾರು? "ಜಪ್ತಿ ಅಂತ ಏನಾರಾ ಒಂದು ಬೇಕಲ್ಲ ಕಣಯ್ಯಾ. ಪೈಪು ನಂದು" ಎಂದು, ಮೈಯೆಲ್ಲ ನೊರೆ ಮಾಡಿಕೊಂಡೇ ತಾಮ್ರದ ಕೊಳವೆ ಹೊತ್ತು ನಡೆದ. ಎಲಿಯಾಸ್ ಗೊಣಗುತ್ತ ಬಂಗಲೆಯಿಂದ ಕಬ್ಬಿಣದ ಕೊಳವೆ ತರಬೇಕಾಯಿತು.

ಮಳೆಗಾಲ ಕಳೆದು ಹಿಂತಿರುಗಿದ ದೊರೆ ಇದನ್ನೆಲ್ಲ ವಿಚಾರಿಸಿದ. ಕೊಳವೆ ಯಾವುದು ಹಾಕಿದೆ? ಕಬ್ಬಿಣದ್ದು. ಸಿಲಿಂಡರಿಗೆ ಎಣ್ಣೆ? ಒಂದು ತೊಟ್ಟೂ ಇಲ್ಲ. ತಾಮ್ರವನ್ನು ಈ ಗ್ಯಾಸಿನಲ್ಲಿ ಬಿಟ್ಟರೆ ಅದರ ಮೈಮೇಲೆ ಕೂರುವ ಪುಡಿ ಬರೀ ತಾಗಿದರೂ ಸಿಡಿಯುತ್ತದೆ, ಬಿಗಿಯಾಗಿ ತುಂಬಿದ ಆಮ್ಲಜನಕಕ್ಕೆ ಎಣ್ಣೆ ಸೋಕಿದರೆ ಕಡ್ಡಿಯೇ ಬೇಡ, ತಾನೇ ಹತ್ತಿಕೊಳ್ಳುತ್ತದೆ ಎಂದು ದೊರೆ ಹೇಳಿ, ನಿನ್ನಂಥ ಎಚ್ಚರದ ಮನುಷ್ಯನನ್ನು ಕಂಡಿಲ್ಲ ಎಂದು ಬೆನ್ನು ತಟ್ಟಿದ. ಎಲಿಯಾಸ್ ಆ ಹೊಗಳಿಕೆಯನ್ನು ತಲೆ ತಗ್ಗಿಸಿ ಒಪ್ಪಿಕೊಂಡ. ಆಮೇಲೆ ಬಹಳ ಹೊತ್ತು ಸ್ಟೋರಿನ ಮೆಟ್ಟಿಲ ಮೇಲೆ ಕೂತಿದ್ದು, ಮನೆಗೆ ಬರುವಾಗ ಅತ್ತೆಗೆ ಒಂದು ಕಟ್ಟು ಎಲೆಯಡಿಕೆ ತಂದ. ಅದು ಆಮೇಲಿನ ಮಾತು. ಈಗ ಈಸ್ಟರಿಗೆ ಬರಬೇಕು.

ಎಲ್ಲ ಕೂಡಿಬಂದ ಮೇಲೂ ಒಂದು ಕೊರತೆ ಉಳಿದಿತ್ತು. ಸೀಳಿನಲ್ಲಿ ಕರಗಿಸಿ ತುಂಬಲು ಗಂಟೆಯದೇ ಜಾತಿಯ ಕಂಚು ಬೇಕು. ಬುಧವಾರ ಬೆಳಿಗ್ಗೆ ಎಲಿಯಾಸ್ ಅದನ್ನು ಮೊಡೆಸ್ಟಾಳಿಗೆ ಹೇಳುತ್ತಿದ್ದಾಗ ವೆರೋನಿಕಾ ಒಳಗೆ ಹೋದಳು. ಪೆಟ್ಟಿಗೆ ತೆರೆದ ಸದ್ದಾಯಿತು. ಎಣ್ಣೆ ಶೀಷೆ ಬಂತೆಂದು ಅವನು ಕೈಚಾಚಿದ. ಕೈಗೆ ಬಂದದ್ದು ಕಂಚಿನ ಊಟದ ತಟ್ಟೆ. ಅಗಸ್ಟಿನ್ ಕೊನೆಯ ದಿನದವರೆಗೂ ಗಂಜಿ ಉಂಡದ್ದು ಅದರಲ್ಲಿ. ಅಂಚಿನಲ್ಲಿ ಅವರ ಹೆಬ್ಬೆರಳು ಸವೆಸಿದ ಗುರುತಿತ್ತು.

"ಮಾಂಯ್, ಇದು ಬೇಡ" ಎಂದ ಎಲಿಯಾಸ್.

"ತಟ್ಟೆ ಇಟ್ಕೊಂಡು ಯಾರಿಗೆ ಬಡಿಸ್ಲಿ?" ಎಂದಳು ಮುದುಕಿ. "ಹಾಕು. ಅಳೀಬೇಡ, ಕೈ ನಡುಗ್ತದೆ."

ಗಂಟೆಯನ್ನು ಇದ್ದಿಲ ಕೆಂಡದ ನಡುವೆ ಕೂರಿಸಿ ನಿಧಾನಕ್ಕೆ ಕಾಯಿಸಿದರು. ಶಫಿ ತಿದಿ ಒತ್ತಿದ. ಎಲಿಯಾಸ್ ದೊರೆಯ ನೀಲಿ ಕನ್ನಡಕ ಹಾಕಿ, ಒಣಗಿದ ಬರಿಗೈಯಲ್ಲಿ ತಿರುಪು ತಿರುಗಿಸಿ, ಉರಿ ಹಚ್ಚಿದ. ಉರಿ ಮೊದಲು ಹಳದಿಯಾಗಿ ಮಸಿ ಕಾರಿತು, ಆಮ್ಲಜನಕ ಸೇರುತ್ತಲೇ ಸೂಜಿಯಷ್ಟು ಚೂಪಾಗಿ ನೀಲಿಯಾಯಿತು. ಮಾವನ ತಟ್ಟೆಯಿಂದ ಕತ್ತರಿಸಿಕೊಂಡಿದ್ದ ಪಟ್ಟಿಗಳು ಒಂದೊಂದಾಗಿ ಕರಗಿ ಸೀಳಿಗೆ ಇಳಿದವು. ಸಂಜೆ ಅದನ್ನು ಬೂದಿಯಲ್ಲಿ ಹೂತಿಟ್ಟು, ತಣ್ಣಗಾಗುವವರೆಗೆ ಯಾರೂ ಮುಟ್ಟದಂತೆ ರಾಜಲಕ್ಷ್ಮಮ್ಮನವರನ್ನೇ ಬೇಲಿಯಲ್ಲಿ ಕಾವಲಿಟ್ಟರು. ಅವರು ಬೆಳಗಿನವರೆಗೆ ಒಂದು ಕೋಳಿಯನ್ನೂ ಹತ್ತಿರ ಬಿಡಲಿಲ್ಲ.

ಈಸ್ಟರಿನ ಬೆಳಿಗ್ಗೆ ಇಗರ್ಜಿಯ ಮುಂದೆ ಜನ ಸೇರಿತ್ತು. ಪೇಟ ಒಣಗಿಸಿಕೊಂಡ ಗುಂಡಯ್ಯನೂ ಬಂದಿದ್ದ. ಊರು ಮುಂದಿನ ನಗೆಪಾಟಲಿಗೆ ಸಿದ್ಧವಾಗಿತ್ತು. ವೆರೋನಿಕಾ ಮಾತ್ರ ಒಳಗೆ ಬಾರದೆ, ಪಕ್ಕದ ಸಮಾಧಿಯ ಕಲ್ಲಿನ ಮೇಲೆ ಕೂತಿದ್ದಳು, ಒಂದು ಕೈಯನ್ನು ಮಣ್ಣಿನ ಮೇಲೆ ಊರಿ. ಮಂಗಳೂರಿನ ಗಂಟು ಇನ್ನೂ ಬಿಚ್ಚಿರಲಿಲ್ಲ.

ಎಲಿಯಾಸ್ ಹಗ್ಗ ಎಳೆದ. ಎರಡೂ ಕೈಯಲ್ಲಿ.

ಗಂಟೆ ಢಣ್ ಎಂದಿತು. ಅದರ ಹಿಂದೆಯೇ, ಬೆಸುಗೆಯ ಜಾಗದಿಂದ, ಗರಗರ ಎಂದು ಒಂದು ಬಾಲ ಹೊರಟು ಎಳೆದುಕೊಂಡು ಹೋಯಿತು. ಎಲಿಯಾಸನ ಮುಖ ಇಳಿಯಿತು. ಇನ್ನೊಮ್ಮೆ ಎಳೆದ, ಮತ್ತೆ ಢಣ್, ಮತ್ತೆ ಗರಗರ. ಹಿಂದೆ ಯಾರೋ ನಗಲು ಶುರುಮಾಡಿ ನಿಲ್ಲಿಸಿದರು. ಸಮಾಧಿಯ ಕಡೆಯಿಂದ ವೆರೋನಿಕಾ ನಗುತ್ತಿದ್ದಳು, ಕಣ್ಣೊರೆಸಿಕೊಳ್ಳುತ್ತ.

"ಮೊಡೆಸ್ಟಾ, ಕೇಳಿದ್ಯಾ? ನಿಮ್ಮಪ್ಪ ಕೆಮ್ಮಿದ ಹಾಗೇ ಐತಲ್ಲೇ" ಎಂದಳು. "ಇನ್ನೊಂದ್ಸಲ ಎಳಿ ಅನ್ನು."

ಎಲಿಯಾಸ್ ಎಳೆದ. ಮಧ್ಯಾಹ್ನ ಗಂಟು ಬಿಚ್ಚಿದರು. ಮಾವ ಇದ್ದಷ್ಟು ದಿನ ಗಂಟೆ ಬಾಯಿಬಿಡಲಿಲ್ಲ, ಮಾವನ ಕಿವಿಗೆ ಅದು ಕೇಳಲಿಲ್ಲ. ಲೆಕ್ಕಕ್ಕೆ ಎಲಿಯಾಸ್ ಕೊಟ್ಟ ಮಾತು ತಪ್ಪಿದ. ಸಮಾಧಿಯ ಮಣ್ಣಿನ ಮೇಲೆ ಕೈಯೂರಿ ಕೂತಿದ್ದ ವೆರೋನಿಕಾ ಮಾತ್ರ ಹಾಗೆಂದು ಒಪ್ಪಲಿಲ್ಲ.